ನಾಪೋಕ್ಲಿನ ಮಣ್ಣುದಾರಿಗೆ ಯಾವ ಡೀಸೆಲ್ ಫೋರ್‌ವೀಲ್, ವರ್ಷಕ್ಕೆ ಎಷ್ಟು ಖರ್ಚು?

ಪ್ರಶ್ನೆ: ನಮ್ಮ ತೋಟ ನಾಪೋಕ್ಲಿನಿಂದ ಕಕ್ಕಬ್ಬೆ ಕಡೆಗೆ ಹೋಗುವ ದಾರಿಯಲ್ಲಿದೆ, 14 ಎಕರೆ. ಟಾರು ರಸ್ತೆಯಿಂದ ಮನೆಗೆ ಮೂರು ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ತೋಡು (ಹಳ್ಳ), ಕೊನೆಯಲ್ಲಿ ಕಡಿದಾದ ಏರು. ಪಕ್ಕದ ಊರಿನ ತೋಟದವರೊಬ್ಬರ 2014ರ ಡೀಸೆಲ್ ಫೋರ್‌ವೀಲ್ ಡ್ರೈವ್ ಜೀಪು ಮಾರಾಟಕ್ಕಿದೆ. 78,000 ಕಿ.ಮೀ. ಓಡಿದೆ, ಐದೂವರೆ ಲಕ್ಷ ಹೇಳುತ್ತಿದ್ದಾರೆ. ಸಾಲ ಮಾಡಿ ಹೊಸ ಬಿಎಸ್-6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಯನ್ನೇ ತೆಗೆದುಕೊಳ್ಳಲೇ ಎಂಬ ಯೋಚನೆಯೂ ಇದೆ. ನಮ್ಮ ಮಾವ ಹತ್ತು ವರ್ಷದಿಂದ ಇಂಥದೇ ಗಾಡಿ ಇಟ್ಟುಕೊಂಡಿದ್ದಾರೆ, ಸರ್ವಿಸ್ ಬಿಟ್ಟರೆ ಖರ್ಚೇ ಇಲ್ಲ ಅನ್ನುತ್ತಾರೆ. ಗೆಳೆಯನೊಬ್ಬ ವರ್ಷಕ್ಕೆ ಲಕ್ಷ ರೂಪಾಯಿ ಗ್ಯಾರೇಜಿಗೆ ಸುರಿದೆ ಅನ್ನುತ್ತಾನೆ. ಯಾರನ್ನು ನಂಬಲಿ? ವರ್ಷಕ್ಕೆ ಎಷ್ಟು ತೆಗೆದಿಡಬೇಕು?

ಉತ್ತರ: ಮಾವನನ್ನೂ ನಂಬಿ, ಗೆಳೆಯನನ್ನೂ ನಂಬಿ. ಇಬ್ಬರೂ ಇದ್ದದ್ದನ್ನೇ ಹೇಳುತ್ತಿದ್ದಾರೆ. ನಾನು ಗೋಣಿಕೊಪ್ಪಲಿನಲ್ಲಿ ಗ್ಯಾರೇಜು ಇಟ್ಟು ಇಪ್ಪತ್ತೇಳು ವರ್ಷವಾಯಿತು. ಈ ಎರಡು ಮಾತನ್ನೂ ಒಂದೇ ದಿನ, ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕೂತವರ ಬಾಯಿಂದ ಕೇಳಿದ್ದೇನೆ.

ಹೋದ ವರ್ಷ ಕೈಲ್ ಪೊಳ್ದ್ ಹಬ್ಬ ಕಳೆದ ವಾರ ಎರಡು ಗಾಡಿ ಒಟ್ಟಿಗೆ ಬಂದವು. ಒಂದೇ ಕಂಪನಿಯದು, ಒಂದೇ ವರ್ಷದ್ದು, ಮೀಟರಿನಲ್ಲಿ ಹೆಚ್ಚುಕಡಿಮೆ ಒಂದೇ ಕಿಲೋಮೀಟರ್. ಒಂದು ಪೊನ್ನಂಪೇಟೆಯವರದು, ವಾರಕ್ಕೊಮ್ಮೆ ಮೈಸೂರಿಗೆ ಹೋಗಿಬರುವ ಗಾಡಿ. ಇನ್ನೊಂದು ಗಾಳಿಬೀಡು ಕಡೆಯದು. ಮನೆಯಿಂದ ಕಣಕ್ಕೆ, ಕಣದಿಂದ ಕೆಲಸಗಾರರ ಲೈನ್ ಮನೆಗೆ, ಅಲ್ಲಿಂದ ಅಂಗಡಿಗೆ, ಅದರ ಓಡಾಟ ಅಷ್ಟೇ. ಎರಡರದ್ದೂ ಹಿಂದಿನ ಹೌಸಿಂಗ್‌ನ, ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಹಲ್ಲುಚಕ್ರಗಳನ್ನು ಮುಚ್ಚಿರುವ ಕಬ್ಬಿಣದ ಗೂಡಿನ, ಆಯಿಲ್ ಬೋಲ್ಟ್ ಬಿಚ್ಚಿದೆವು. ಮೊದಲನೆಯದರಲ್ಲಿ ಆಯಿಲ್ ಕಪ್ಪಗಾಗಿತ್ತು, ಆದರೆ ಜೇನಿನ ಹಾಗೆ ನೂಲೆಳೆದು ಇಳಿಯಿತು. ಎರಡನೆಯದರಿಂದ ಮೊದಲು ಅರ್ಧ ಲೋಟದಷ್ಟು ನೀರು ಬಂತು, ಆಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ಮಂದ ದ್ರವ. ಬೆರಳಿಗೆ ತಾಗಿಸಿ ಉಜ್ಜಿದರೆ ಬೆಳ್ಳಿಯ ಪುಡಿಯಂತೆ ಹೊಳೆಯುವ ಕಬ್ಬಿಣದ ಚೂರು. ಮೊದಲನೆಯವರ ಖರ್ಚು ಆಯಿಲಿಗೆ ಮುಗಿಯಿತು. ಎರಡನೆಯವರಿಗೆ ಕ್ರೌನ್ ಪಿನಿಯನ್ (ಆ ಗೂಡಿನೊಳಗಿನ ಹಲ್ಲುಚಕ್ರಗಳು), ಬೇರಿಂಗ್, ಸೀಲು, ಕೂಲಿ ಎಲ್ಲ ಸೇರಿ ನಲವತ್ತು ಸಾವಿರ ದಾಟಿತು. ಆ ಗಾಡಿಯಲ್ಲಿ ತಯಾರಿಕೆಯ ದೋಷ ಏನೂ ಇರಲಿಲ್ಲ. ಅದು ನೀರಿನಲ್ಲಿ ಓಡಿತ್ತು, ನೀರಿನಲ್ಲಿ ಓಡಿದ ಗಾಡಿಗೆ ಮಾಡಬೇಕಾದ್ದನ್ನು ಯಾರೂ ಮಾಡಿರಲಿಲ್ಲ.

ನನ್ನ ಲೆಕ್ಕ ಇಷ್ಟೇ. ಕೊಡಗಿನಲ್ಲಿ ಡೀಸೆಲ್ ಫೋರ್‌ವೀಲ್‌ನ ರಿಪೇರಿ ಖರ್ಚನ್ನು ಎಂಜಿನ್ ನಿರ್ಧರಿಸುವುದು ಕಡಿಮೆ. ದಾರಿ, ನೀರು, ದಿನಕ್ಕೆ ಎಷ್ಟು ಹೊತ್ತು ಯಾವ ಗೇರಿನಲ್ಲಿ ಓಡುತ್ತದೆ, ಇವು ನಿರ್ಧರಿಸುತ್ತವೆ. ಹಾಗಾಗಿ ಯಾರದೇ ಅನುಭವ ಕೇಳುವಾಗ "ಯಾವ ಗಾಡಿ" ಎಂದು ಕೇಳುವ ಮೊದಲು "ಎಲ್ಲಿ ಓಡಿಸುತ್ತೀರಿ" ಎಂದು ಕೇಳಿ. ನಿಮ್ಮ ಮಾವನ ಮನೆ ಟಾರು ರಸ್ತೆಯ ಬದಿಯಲ್ಲಿದ್ದರೆ ಅವರ ಹತ್ತು ವರ್ಷ ನಿಮ್ಮ ಮೂರು ವರ್ಷಕ್ಕೆ ಸಮ.

ಈಗ ಆ 78,000 ಕಿಲೋಮೀಟರಿನ ವಿಷಯ. ಮೀಟರ್ ನೋಡಿ ಕಡಿಮೆ ಓಡಿದೆ ಎಂದು ಖುಷಿಪಡಬೇಡಿ. ತೋಟದ ದಾರಿಯಲ್ಲಿ ಗಾಡಿಯ ಸರಾಸರಿ ವೇಗ ಗಂಟೆಗೆ 12 ಕಿಲೋಮೀಟರ್ ಎಂದು ಹಿಡಿದರೆ 78,000 ಕಿಲೋಮೀಟರ್‌ಗೆ ಎಂಜಿನ್ 6,500 ಗಂಟೆ ತಿರುಗಿದೆ. ಹೆದ್ದಾರಿಯಲ್ಲಿ ಗಂಟೆಗೆ 50ರ ಸರಾಸರಿಯಲ್ಲಿ ಅಷ್ಟೇ ಗಂಟೆ ಓಡಿದ್ದರೆ ಮೀಟರ್ ಮೂರು ಲಕ್ಷ ದಾಟುತ್ತಿತ್ತು. ಇಡೀ 78,000ವೂ ತೋಟದಲ್ಲೇ ಓಡಿರಲಾರದು, ಸರಿ. ಅರ್ಧ ಓಡಿದ್ದರೂ ಅದು "ಕಡಿಮೆ ಓಡಿದ" ಗಾಡಿ ಅಲ್ಲ. ಟ್ರ್ಯಾಕ್ಟರಿಗೆ ಗಂಟೆ ಲೆಕ್ಕ ಇರುವುದು ಇದೇ ಕಾರಣಕ್ಕೆ. ತೋಟದ ಜೀಪಿಗೂ ಗಂಟೆಯ ಲೆಕ್ಕವೇ ಸರಿ. ಆಯಿಲನ್ನೂ ಹಾಗೆಯೇ ಬದಲಿಸಬೇಕು, ಪುಸ್ತಕದಲ್ಲಿ 10,000 ಕಿ.ಮೀ. ಎಂದಿದ್ದರೂ ನಿಮ್ಮ ಬಳಕೆಗೆ 5,000ಕ್ಕೆ ಅಥವಾ ಆರು ತಿಂಗಳಿಗೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸಿದ ಜೀಪಾದರೆ ಈ ಲೆಕ್ಕವನ್ನು ಇನ್ನೂ ಬಿಗಿ ಮಾಡಿ. ಆ ಏರಿನಲ್ಲಿ ದಿನಕ್ಕೆ ಹಲವು ಸಲ ಮೊದಲ ಗೇರಿನಲ್ಲಿ ತುಂಬಿದ ಗಾಡಿ ಹತ್ತಿಸುವುದು ಕ್ಲಚ್ಚಿಗೆ, ಹೌಸಿಂಗ್‌ಗೆ, ಪ್ಲೇಟ್ ಸೆಟ್‌ಗೆ (ಲೀಫ್ ಸ್ಪ್ರಿಂಗ್) ಎಂಥ ಕೆಲಸ ಎಂದು ಅದನ್ನು ಬಿಚ್ಚಿ ನೋಡಿದವರಿಗೆ ಗೊತ್ತು. ಆ ಚಾಲಕರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ, ಆದರೆ ಅವರ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಿ ಎಂದು ಯಾರಿಗೂ ಹೇಳುವುದಿಲ್ಲ.

ನಿಮ್ಮ ದಾರಿಯ ತೋಡಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಿಮ್ಮ ಹಣ ಹೋಗುವುದು ಅಲ್ಲಿಂದಲೇ. ಟಾರು ರಸ್ತೆಯಲ್ಲಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಬಂದ ಗಾಡಿಯ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿ, ಮೇಲಿರುವ ಸಣ್ಣ ಬ್ರೀದರ್ ಕೊಳವೆಯಿಂದ ಹೊರಗೆ ಹೋಗಿರುತ್ತದೆ. ಆ ಬಿಸಿಯಲ್ಲೇ ಜುಲೈ ತಿಂಗಳ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ, ಹೊರಗಿನಿಂದ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ನೀರಿನ ಮಟ್ಟಕ್ಕಿಂತ ಮೇಲಿದ್ದು ಶುಚಿಯಾಗಿದ್ದರೆ ಗಾಳಿ ಬರುತ್ತದೆ. ಕೆಸರು ಮೆತ್ತಿ ಕಟ್ಟಿಹೋಗಿದ್ದರೆ ಸೀಲುಗಳ ಅಂಚಿನಿಂದ ನೀರು ಬರುತ್ತದೆ. ಒಂದು ಸಲಕ್ಕೆ ಒಂದು ಚಮಚ ಸಾಕು. ಮಳೆಗಾಲದ ನಾಲ್ಕು ತಿಂಗಳು, ದಿನಕ್ಕೆ ಎರಡು ಸಲ ದಾಟಿದರೆ ಎಷ್ಟಾಯಿತು ನೋಡಿ.

ಇದಕ್ಕೆ ಪರಿಹಾರ ತೀರಾ ಅಗ್ಗ. ಬ್ರೀದರ್ ಬಾಯಿಗೆ ಒಂದು ಡೀಸೆಲ್ ಹೋಸ್ ಸಿಕ್ಕಿಸಿ, ಚಾಸಿಸ್‌ಗೆ ಕಟ್ಟಿಕೊಂಡು ಬಾನೆಟ್ಟಿನ ಎತ್ತರಕ್ಕೆ ತಂದುಬಿಡುವುದು. ನಾಲ್ಕೈನೂರು ರೂಪಾಯಿ ಕೆಲಸ. ತೋಡಿಗೆ ಇಳಿಯುವ ಮುಂಚೆ ಐದು ನಿಮಿಷ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಜೊತೆಗೆ ಮಳೆ ಮುಗಿದ ಕೂಡಲೇ, ಅಂದರೆ ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರಿನಲ್ಲಿ, ಹಿಂದಿನ ಹೌಸಿಂಗ್, ಮುಂದಿನ ಹೌಸಿಂಗ್, ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮೂರರ ಆಯಿಲನ್ನೂ ಇಳಿಸಿ ನೋಡಬೇಕು. ಬಣ್ಣ ಕೆಟ್ಟಿದ್ದರೆ ಬದಲಿಸಬೇಕು. ಗೇರ್‌ಬಾಕ್ಸ್ ಸೇರಿಸಿ ಎಲ್ಲ ಬದಲಿಸಿದರೂ ನನ್ನಲ್ಲಿ ಐದು ಸಾವಿರದ ಆಸುಪಾಸು ಆಗುತ್ತದೆ. ಆ ಗಾಳಿಬೀಡಿನವರ ನಲವತ್ತು ಸಾವಿರದ ಬಿಲ್ಲು ಬರೆಯುವಾಗ ನನಗೇ ಹೊಟ್ಟೆ ಉರಿಯಿತು. ಅವರು ವರ್ಷಕ್ಕೆ ಎರಡು ಸಲ ಎಂಜಿನ್ ಆಯಿಲ್ ಬದಲಿಸಿದ್ದರು, ಹೌಸಿಂಗ್‌ಗೂ ಆಯಿಲ್ ಇರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು, ಫೋರ್‌ವೀಲ್ ಲಿವರನ್ನು ಬಳಸುವ ರೀತಿ. ನಮ್ಮ ಕಡೆಯ ಹೆಚ್ಚಿನ ಜೀಪುಗಳಲ್ಲಿ ಇರುವುದು ಬೇಕಾದಾಗ ಮಾತ್ರ ಹಾಕುವ ಫೋರ್‌ವೀಲ್. ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಕೆಸರಿನಲ್ಲಾದರೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣಗಿದ ಟಾರಿನಲ್ಲಿ ಜಾರುವ ಹಾಗಿಲ್ಲ, ಆ ಒತ್ತಡವೆಲ್ಲ ಟ್ರಾನ್ಸ್‌ಫರ್ ಕೇಸಿನ ಚೈನು, ಶಾಫ್ಟಿನ ಕ್ರಾಸ್ (ಕೀಲು), ಹೌಸಿಂಗ್‌ನ ಹಲ್ಲು ಇವುಗಳ ಮೇಲೆ ಬೀಳುತ್ತದೆ. ಮಣ್ಣುದಾರಿ ಮುಗಿದ ಮೇಲೆ ಲಿವರ್ ತೆಗೆಯಲು ಮರೆತು ಮೂರ್ನಾಡು ತನಕ ಓಡಿಸಿ, "ಸ್ಟೇರಿಂಗ್ ಗಟ್ಟಿ ಆಯಿತು, ಲಿವರ್ ಹೊರಗೆ ಬರ್ತಾ ಇಲ್ಲ" ಎಂದು ಫೋನ್ ಮಾಡುವವರು ಪ್ರತಿ ಮಳೆಗಾಲಕ್ಕೂ ಇದ್ದಾರೆ. ಆಗ ಲಿವರನ್ನು ಜಗ್ಗಬೇಡಿ. ನೇರವಾಗಿ ಹತ್ತು ಮಾರು ಹಿಂದಕ್ಕೆ ಓಡಿಸಿ, ಬಿಗಿ ಸಡಿಲಾಗಿ ತಾನಾಗಿ ಬರುತ್ತದೆ. ಟೈರು ಎರಡು ಹೊಸದು, ಎರಡು ಹಳೆಯದು ಹಾಕಿದರೂ ಇದೇ ಬಿಗಿತ. ಹೊಸ ಟೈರಿನ ಸುತ್ತಳತೆ ಹೆಚ್ಚು, ಸವೆದದ್ದರದು ಕಡಿಮೆ, ನೇರ ರಸ್ತೆಯಲ್ಲೂ ಒಂದನ್ನೊಂದು ಎಳೆದಾಡುತ್ತಲೇ ಇರುತ್ತವೆ. ಫೋರ್‌ವೀಲ್ ಗಾಡಿಗೆ ನಾಲ್ಕೂ ಟೈರು ಒಟ್ಟಿಗೆ ಬದಲಿಸಬೇಕು, ಖರ್ಚು ಎನಿಸಿದರೂ.

ಇದರ ಇನ್ನೊಂದು ಮುಖ, ಹಾಕಬೇಕಾದಲ್ಲಿ ಹಾಕದೆ ಇರುವುದು. ನಿಮ್ಮ ಮನೆಯ ಮುಂದಿನ ಕಡಿದಾದ ಏರನ್ನು ಟೂ-ಹೈನಲ್ಲಿ (ಹಿಂದಿನ ಎರಡೇ ಚಕ್ರ ಎಳೆಯುವ ಮಾಮೂಲಿ ಸ್ಥಾನ) ಅರ್ಧ ಕ್ಲಚ್ಚಿನಲ್ಲಿ ಹತ್ತಿಸುವ ಅಭ್ಯಾಸವಿದ್ದರೆ ಕ್ಲಚ್ ಪ್ಲೇಟು ಎರಡು ವರ್ಷ ಬಾರದು. ಫೋರ್-ಲೋ (ನಾಲ್ಕು ಚಕ್ರ, ನಿಧಾನದ ಗೇರು) ಹಾಕಿದರೆ ಚಕ್ರಕ್ಕೆ ಸುಮಾರು ಎರಡೂವರೆ ಪಟ್ಟು ಎಳೆತ ಸಿಗುತ್ತದೆ, ಕ್ಲಚ್ಚನ್ನು ಪೂರ್ತಿ ಬಿಟ್ಟು ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ಏರುತ್ತದೆ. ಇಳಿಯುವಾಗಲೂ ಬ್ರೇಕು ಬಿಸಿಯಾಗುವುದಿಲ್ಲ. ಕ್ಲಚ್ ಸೆಟ್ಟು ಕೂಲಿ ಸೇರಿ ಹದಿನೈದರಿಂದ ಇಪ್ಪತ್ತು ಸಾವಿರ. ಒಬ್ಬರ ಗಾಡಿಯಲ್ಲಿ ಅದು ಒಂದೂವರೆ ವರ್ಷಕ್ಕೆ ಹೋಗುತ್ತದೆ, ಇನ್ನೊಬ್ಬರದರಲ್ಲಿ ಆರು ವರ್ಷ ಬರುತ್ತದೆ. ವ್ಯತ್ಯಾಸ ಎಡಗಾಲಿನದು.

ಎಂಜಿನ್ನಿಗೆ ಬರೋಣ. ಹಿಂದಿನ ಎಂಎಂ 540ಯಂಥ ಜೀಪುಗಳ ಹಳೆಯ ಡೀಸೆಲ್ ಎಂಜಿನ್ನುಗಳಿಗೆ ಸ್ವಲ್ಪ ಕೊಳೆ ಡೀಸೆಲ್ ಕೊಟ್ಟರೂ ಹೊಗೆ ಬಿಟ್ಟುಕೊಂಡು ಓಡುತ್ತಿದ್ದವು. ಈಗಿನ ಕಾಮನ್ ರೈಲ್ ಎಂಜಿನ್, ಅಂದರೆ ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವಂಥದ್ದು, ಹಾಗಲ್ಲ. ಅದರ ರೈಲಿನಲ್ಲಿ ಡೀಸೆಲ್ ಒತ್ತಡ 1,600 ಬಾರ್ ತನಕ ಹೋಗುತ್ತದೆ. ನಿಮ್ಮ ಟೈರಿನ ಗಾಳಿಯ ಒತ್ತಡ ಎರಡು ಬಾರ್ ಚಿಲ್ಲರೆ, ಹೋಲಿಸಿ ನೋಡಿ. ಆ ಒತ್ತಡದಲ್ಲಿ ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಅದರಲ್ಲಿ ನೀರು ಸೇರಿದರೆ ಉಜ್ಜಿ ಹಾಳಾಗುತ್ತವೆ.

ನಮ್ಮಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದರೆ ಬ್ಯಾರಲಿನಿಂದ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲು ಡೀಸೆಲ್ ತಂದು ಶೆಡ್ಡಿನಲ್ಲಿ ಇಡುತ್ತೇವೆ. ಹೂಮಳೆ ಚೆನ್ನಾಗಿ ಬಿದ್ದರೆ ಅರ್ಧ ಬ್ಯಾರಲ್ ಉಳಿಯುತ್ತದೆ. ಖಾಲಿ ಭಾಗದ ಗಾಳಿಯ ತೇವ ರಾತ್ರಿ ತಂಪಿಗೆ ಒಳಗೋಡೆಯ ಮೇಲೆ ಬೆವರಾಗಿ ಇಳಿದು ತಳ ಸೇರುತ್ತದೆ. ಜೂನ್ ತಿಂಗಳಲ್ಲಿ ಪೇಟೆಗೆ ಹೋಗಲು ಬೇಸರವಾಗಿ ಆ ತಳದ ಡೀಸೆಲನ್ನು ಜೀಪಿಗೆ ಹಾಕುತ್ತೇವೆ. ದಯವಿಟ್ಟು ಹಾಕಬೇಡಿ, ಅದನ್ನು ಪಂಪ್‌ಸೆಟ್ಟಿಗೇ ಇಟ್ಟುಕೊಳ್ಳಿ. ಫಿಲ್ಟರಿನ ಕೆಳಗಿರುವ ನೀರು ಬಿಡುವ ತಿರುಪನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಿರುಗಿಸಿ ಒಂದು ಗಾಜಿನ ಲೋಟಕ್ಕೆ ಬಿಡಿ. ಡೀಸೆಲಿನ ಕೆಳಗೆ ನೀರಿನ ಗುಳ್ಳೆ ಉರುಳಾಡುವುದು ಕಣ್ಣಿಗೇ ಕಾಣುತ್ತದೆ. ನಾಲ್ಕು ಇಂಜೆಕ್ಟರ್ ಹೊಸದು ಹಾಕಿಸಿದವರ ಬಿಲ್ಲು ಅರವತ್ತು ಸಾವಿರದ ಹತ್ತಿರ ಹೋಗಿದ್ದಿದೆ. ಡೀಸೆಲ್ ಪಂಪ್ ರಿಪೇರಿಯ ಅಂಗಡಿಯಲ್ಲಿ ರೀಕಂಡಿಷನ್ ಮಾಡಿಸಿದರೆ ಒಂದಕ್ಕೆ ಐದಾರು ಸಾವಿರದಲ್ಲಿ ಆಗುತ್ತದೆ, ಆದರೆ ಎಲ್ಲ ಇಂಜೆಕ್ಟರೂ ರೀಕಂಡಿಷನ್‌ಗೆ ಒಗ್ಗುವುದಿಲ್ಲ.

ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬಗ್ಗೆ ಒಂದು ಸಂಗತಿ. ಸಿದ್ದಾಪುರ ಕಡೆಯ ತೋಟದ ರೈಟರ್ (ಲೆಕ್ಕ ನೋಡುವವರು) ಒಬ್ಬರು ಗಾಡಿ ತಂದರು. ಏರಿನಲ್ಲಿ ಎಳೆತ ಇಲ್ಲ, ಕಪ್ಪು ಹೊಗೆ. ಬೇರೆ ಕಡೆ ತೋರಿಸಿದ್ದರಂತೆ, ಟರ್ಬೊ ಹೋಗಿದೆ, ನಲವತ್ತೈದು ಸಾವಿರ ಎಂದಿದ್ದರಂತೆ. ನನ್ನ ಹುಡುಗನಿಗೆ ಆಕ್ಸಿಲರೇಟರ್ ಒತ್ತಲು ಹೇಳಿ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಸುತ್ತ ಕೈ ಆಡಿಸಿದೆ. ಕೆಳಬದಿಯಲ್ಲಿ ಬೆರಳಿಗೆ ಗಾಳಿ ರಪ್ಪನೆ ಬಡಿಯಿತು. ಕ್ಲಿಪ್ ಕೂತ ಜಾಗದಲ್ಲಿ ಎರಡು ಇಂಚು ಸೀಳಿತ್ತು, ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಹೋಸ್ ಬದಲಿಸಿದೆವು, ಎರಡು ಸಾವಿರದೊಳಗೆ ಮುಗಿಯಿತು. ಎಳೆತ ಇಲ್ಲ ಎಂದ ಕೂಡಲೇ ಟರ್ಬೊ ಬಿಚ್ಚಲು ಯಾರಾದರೂ ಹೊರಟರೆ ಮೊದಲು ಹೋಸು, ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ವ್ಯಾಕ್ಯೂಮ್ ಪೈಪು, ಇಜಿಆರ್ (ಹೊಗೆಯನ್ನು ಸ್ವಲ್ಪ ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವು) ಈ ಕ್ರಮದಲ್ಲಿ ನೋಡಿ ಎಂದು ಹೇಳಿ. ಮತ್ತೆ ಮನೆಯ ಏರು ಹತ್ತಿ ನಿಲ್ಲಿಸಿದ ಕೂಡಲೇ ಕೀ ತೆಗೆಯಬೇಡಿ. ಒಂದು ನಿಮಿಷ ನಿಧಾನಕ್ಕೆ ಓಡಲಿ, ಕಾದ ಟರ್ಬೊಗೆ ಆಯಿಲ್ ಸಿಗಲಿ.

ಹೊಸ ಬಿಎಸ್-6 ಗಾಡಿಯ ಪ್ರಶ್ನೆಗೆ ಇಲ್ಲೇ ಉತ್ತರವಿದೆ. 2020ರ ಏಪ್ರಿಲ್‌ನಿಂದ ಬಂದ ಈ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು. ಆ ಶಾಖ ಬರಲು ಗಾಡಿ ಒಂದೇ ಹದದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಬೇಕು. ನಿಮ್ಮ ಓಡಾಟ ಮೂರು ಕಿಲೋಮೀಟರ್ ಮಣ್ಣು, ಆರೇಳು ಕಿಲೋಮೀಟರ್ ಟಾರು, ಅಂಗಡಿಯ ಮುಂದೆ ಆಫ್. ಸುಡಲು ಶುರುಮಾಡುವಷ್ಟರಲ್ಲಿ ನೀವು ಕೀ ತೆಗೆದಿರುತ್ತೀರಿ. ಹೀಗೆ ನಾಲ್ಕು ಸಲ ಅರ್ಧಕ್ಕೆ ನಿಂತರೆ ದೀಪ ಉರಿಯುತ್ತದೆ, ಎಳೆತ ಕಡಿಮೆಯಾಗುತ್ತದೆ, ಮತ್ತೂ ಬಿಟ್ಟರೆ ಎಳೆದುಕೊಂಡೇ ಹೋಗಬೇಕು. ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದಿಲ್ಲ. ಮಸಿ ಸುಡಲು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಪೂರ್ತಿ ಉರಿಯದೆ ಪಿಸ್ಟನ್ನಿನ ಪಕ್ಕದಿಂದ ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಅದು ಒಳ್ಳೆಯ ಸುದ್ದಿ ಅಲ್ಲ, ಕೂಡಲೇ ಬದಲಿಸಬೇಕು. ಈ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ ಬೇರೆ ಬಗೆಯ ಆಯಿಲ್ ಬೇಕು, ಟ್ರ್ಯಾಕ್ಟರಿನ ಡಬ್ಬದಿಂದ ಸುರಿಯುವ ಹಾಗಿಲ್ಲ.

ಹೊಸ ಗಾಡಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಮಕ್ಕಳು ಮೈಸೂರಿನಲ್ಲಿ ಓದುತ್ತಿದ್ದು ವಾರಕ್ಕೊಮ್ಮೆ ಕುಶಾಲನಗರ, ಪಿರಿಯಾಪಟ್ಟಣ ದಾಟಿ ಹೋಗುವವರಾದರೆ ಕಣ್ಣುಮುಚ್ಚಿ ಹೊಸದೇ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಆ ಅರ್ಧ ಗಂಟೆಯ ಸಮತಟ್ಟು ರಸ್ತೆ ಫಿಲ್ಟರಿಗೆ ಔಷಧಿ. ವಾರಂಟಿ ಇರುತ್ತದೆ, ಬ್ರೇಕು, ಏರ್‌ಬ್ಯಾಗು ಎಲ್ಲ ಹಳೆಯದಕ್ಕಿಂತ ಎಷ್ಟೋ ಮೇಲು. ಆದರೆ ನೀವು ಬರೆದ ಓಡಾಟಕ್ಕೆ, ಅದೂ ಸಾಲ ಮಾಡಿ, ನನ್ನ ಮನಸ್ಸು ಒಪ್ಪುವುದಿಲ್ಲ. ಹಳೆಯ ಜೀಪೇ ಸರಿ. ಈ ಜೀಪೇ ಸರಿಯೇ ಎಂಬುದು ಬೇರೆ ಪ್ರಶ್ನೆ.

ಅದನ್ನು ತೀರ್ಮಾನಿಸುವುದು ತುಕ್ಕು. ಎಂಜಿನ್ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಿಸಬಹುದು, ತಿಂದುಹೋದ ಚಾಸಿಸ್‌ಗೆ ಮಾತ್ರ ತೇಪೆ ಹಾಕಿ ಏರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓಡಿಸಲಾಗದು. ತೋಟದ ಗಾಡಿಯಲ್ಲಿ ಮಳೆಗಿಂತ ದೊಡ್ಡ ಶತ್ರು ಹಿಂದೆ ಹೇರುವ ಸಾಮಾನು. ಪೊಟ್ಯಾಷ್ ಗೊಬ್ಬರ ಅಂದರೆ ಕ್ಲೋರೈಡ್ ಉಪ್ಪು, ಚೀಲದಿಂದ ಉದುರಿ ಮ್ಯಾಟಿನ ಕೆಳಗೆ ಸೇರಿ ತೇವ ಹೀರಿಕೊಂಡು ಕೂತರೆ ತಗಡು ಉಳಿಯದು. ಬೋರ್ಡೋ (ಶಿಲೀಂಧ್ರ ರೋಗದ ಔಷಧಿ) ಹೊಡೆಯಲು ತರುವ ಮೈಲುತುತ್ತವೂ ಅಷ್ಟೇ. ನೀರು ತಾಗಿದ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಬೋರ್ಡೋವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎಂದು ನಮ್ಮ ಹಿರಿಯರು ಹೇಳುವುದು ಅದಕ್ಕೇ, ಜೀಪಿನ ನೆಲವೂ ಕಬ್ಬಿಣವೇ. ಹಾಗಾಗಿ ಗಾಡಿ ನೋಡಲು ಹೋದಾಗ ಹಿಂದಿನ ಮ್ಯಾಟ್ ಎತ್ತಿಸಿ. ಆಮೇಲೆ ಕೆಳಗೆ ಮಲಗಿ ಚಾಸಿಸ್‌ನ ಒಳಬದಿ, ಪ್ಲೇಟ್ ಸೆಟ್ಟಿನ ಕೊಂಡಿ ಕೂರುವ ಜಾಗ, ಬ್ರೇಕ್ ಪೈಪು ಹಾದುಹೋಗುವ ಜಾಗ ಇಷ್ಟನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಿರಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಮಣ್ಣು ತುಂಬಿದೆ ಅಥವಾ ಪದರ ಎದ್ದಿದೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಎರಡು ಪಟ್ಟು ಅನುಮಾನ ಇರಲಿ.

ಫೋರ್‌ವೀಲ್ ಹಾಕಿದಾಗ ಡ್ಯಾಷ್‌ಬೋರ್ಡಿನ ದೀಪ ಉರಿದರೆ ಸಾಕೆಂದುಕೊಳ್ಳಬೇಡಿ. ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರದ ಹಬ್ಬನ್ನು ವ್ಯಾಕ್ಯೂಮ್ ಎಳೆದು ಸೇರಿಸುತ್ತದೆ. ಎಲ್ಲೋ ಒಂದು ಸಣ್ಣ ಪೈಪನ್ನು ಇಲಿ ಕಡಿದಿದ್ದರೆ ದೀಪ ಉರಿಯುತ್ತದೆ, ಮುಂದಿನ ಚಕ್ರ ಎಳೆಯುವುದಿಲ್ಲ. ಕೆಸರಿನ ಏರಿನಲ್ಲಿ ಓಡಿಸಿಯೇ ನೋಡಿ, ಒಬ್ಬರು ಪಕ್ಕದಲ್ಲಿ ನಿಂತು ಮುಂದಿನ ಚಕ್ರ ಮಣ್ಣು ಕೆದರುತ್ತದೆಯೇ ಗಮನಿಸಲಿ. (ಇಲಿಯ ಕಾಟ ಮಳೆಗಾಲದಲ್ಲಿ ಕಡೆಗಣಿಸುವಂಥದ್ದಲ್ಲ. ಬೆಚ್ಚಗಿನ ಎಂಜಿನ್ ಮೇಲೆ ಗೂಡು ಕಟ್ಟಿ ವೈರು ಕಡಿದದ್ದನ್ನು ಹುಡುಕುವುದಕ್ಕೇ ನಾನು ಒಂದು ದಿನ ಕಳೆದದ್ದುಂಟು. ರಾತ್ರಿ ಬಾನೆಟ್ ಸ್ವಲ್ಪ ಎತ್ತಿಟ್ಟರೆ ಬರುವುದು ಕಡಿಮೆ.)

ಎಡ ಬಲ ಚಕ್ರಗಳನ್ನು ಒಟ್ಟಿಗೆ ಬಿಗಿದು ತಿರುಗಿಸುವ ಲಾಕರ್ ಬಗ್ಗೆಯೂ ತಿಳಿದಿರಲಿ. ಫೋರ್‌ವೀಲ್ ಇದ್ದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುವುದಿಲ್ಲ. ಮುಂದೊಂದು ಹಿಂದೊಂದು ಚಕ್ರ ಗಾಳಿಯಲ್ಲಿ ತೂಗಿದರೆ ಆ ಎರಡೇ ತಿರುಗುತ್ತವೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಫೋರ್ಸ್ ಕಂಪನಿಯ ಗೂರ್ಖಾಕ್ಕೆ ಮುಂದೆಯೂ ಹಿಂದೆಯೂ ಕೈಯಿಂದ ಹಾಕುವ ಲಾಕ್ ಇದೆ. 2010ರಲ್ಲಿ ಬಂದ ಮಹೀಂದ್ರ ಥಾರ್‌ಗೆ ಹಿಂದಿನ ಹೌಸಿಂಗ್‌ನಲ್ಲಿ ತಾನಾಗಿ ಕಚ್ಚಿಕೊಳ್ಳುವ ಲಾಕರ್ ಬಂದದ್ದು 2015ರಲ್ಲಿ. ಅಂದರೆ 2014ರ ಥಾರಾದರೆ ಅದರಲ್ಲಿ ಇರುವುದಿಲ್ಲ. ನಿಮ್ಮ ಏರಿನಲ್ಲಿ ಮಳೆ ನೀರು ಕೊರೆದ ಅಡ್ಡ ಗುಂಡಿಗಳಿದ್ದರೆ ಇದು ಲೆಕ್ಕಕ್ಕೆ ಬರುತ್ತದೆ. ಆದರೆ ಅದಕ್ಕೆ ಬದಲಾಗಿ ದೊಡ್ಡ ಟೈರು ಹಾಕಲು ಹೋಗಬೇಡಿ, ಬೇರಿಂಗಿಗೂ ಕ್ರಾಸಿಗೂ ಕ್ಲಚ್ಚಿಗೂ ಒಟ್ಟಿಗೆ ಭಾರ. ಅದೇ ದುಡ್ಡಿನಲ್ಲಿ ಎರಡು ಟಿಪ್ಪರ್ ಜಲ್ಲಿ ತರಿಸಿ ಗುಂಡಿಗೆ ಹಾಕಿಸಿ, ಗಾಡಿಯೂ ಉಳಿಯುತ್ತದೆ.

ಈಗ ಖರ್ಚು. ಇನ್ಶೂರೆನ್ಸ್, ಡೀಸೆಲ್ ಬಿಟ್ಟು ನಿಮ್ಮಂಥ ಬಳಕೆಯ ಗಾಡಿಗಳು ನನ್ನಲ್ಲಿ ಬರುವ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಸರ್ವಿಸ್, ಎಲ್ಲ ಫಿಲ್ಟರ್ ಸೇರಿ ಹದಿನಾಲ್ಕು ಸಾವಿರ. ಮಳೆ ಮುಗಿದ ಮೇಲಿನ ಹೌಸಿಂಗ್, ಗೇರ್ ಆಯಿಲ್ ಐದು. ಟೈರು ನಾಲ್ಕು ವರ್ಷಕ್ಕೊಂದು ಸೆಟ್ ಎಂದರೆ ವರ್ಷಕ್ಕೆ ಹನ್ನೊಂದು. ಕ್ಲಚ್ ನಾಲ್ಕು ವರ್ಷಕ್ಕೆ ಎಂದು ಹಿಡಿದು ವರ್ಷಕ್ಕೆ ಐದು. ಬ್ರೇಕ್ ಶೂ, ಬುಷ್, ಕ್ರಾಸ್, ಹಬ್ ಬೇರಿಂಗ್ ಗ್ರೀಸ್, ಇಂಥ ಚಿಲ್ಲರೆಗೆ ಒಂಬತ್ತು. ಮೇಲಿಂದ ಹದಿನೈದು ಸಾವಿರವನ್ನು ಮುಟ್ಟದೆ ಇಡಿ, ಮೂರ್ನಾಲ್ಕು ವರ್ಷಕ್ಕೊಮ್ಮೆ ಇಂಜೆಕ್ಟರೋ ಟರ್ಬೊವೋ ಕೈಕೊಟ್ಟೇ ಕೊಡುತ್ತದೆ. ಒಟ್ಟು ಅರವತ್ತು ಸಾವಿರದ ಆಸುಪಾಸು, ತಿಂಗಳಿಗೆ ಐದು ಸಾವಿರ. ಕೊಂಡ ಮೊದಲ ವರ್ಷ ಇದರ ಮೇಲೆ ಇನ್ನೊಂದು ಅರವತ್ತು ಎಪ್ಪತ್ತು ಸಾವಿರ ಬೇಕು, ಹಿಂದಿನವರು ಮುಂದೂಡಿದ ಕೆಲಸಗಳಿಗೆ. ಐದೂವರೆ ಲಕ್ಷ ಹೇಳಿದರೆ ಈ ಹಣವನ್ನು ಅದರಲ್ಲಿ ಕಳೆದು ಮಾತಾಡಿ. ಗೆಳೆಯನ ಲಕ್ಷವೂ ಬಹುಶಃ ಕೊಂಡ ಹೊಸತರ ಲೆಕ್ಕವೇ ಇರಬೇಕು, ಕೇಳಿ ನೋಡಿ.

ಇನ್ನೆರಡು ಕಾಗದದ ವಿಷಯ. 2014ರ ಗಾಡಿಯ ಆರ್‌ಸಿಗೆ 2029ಕ್ಕೆ ಹದಿನೈದು ವರ್ಷ ತುಂಬುತ್ತದೆ, ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಕಾರು, ಜೀಪಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು, ಮೇಲೆ ಹಸಿರು ತೆರಿಗೆ. ತುಕ್ಕು ಇಲ್ಲದ ಗಾಡಿಯಾದರೆ ಇದು ತೊಂದರೆಯೇ ಅಲ್ಲ. ಇನ್ಶೂರೆನ್ಸ್ ಮಾಡಿಸುವಾಗ ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಆ ವಯಸ್ಸಿನ ಗಾಡಿಗೆ ಕೊಡುತ್ತಾರೆಯೇ ವಿಚಾರಿಸಿ. 2018ರ ಆಗಸ್ಟ್ ಮಳೆಯಲ್ಲಿ ನೀರಲ್ಲಿ ನಿಂತ ಗಾಡಿಗಳನ್ನು ಸ್ಟಾರ್ಟ್ ಮಾಡಲು ಹೋಗಿ ಕನೆಕ್ಟಿಂಗ್ ರಾಡ್ ಬಾಗಿಸಿಕೊಂಡು ಬಂದವರನ್ನು ನೋಡಿದ್ದೇನೆ. ನೀರಿನಲ್ಲಿ ಮುಳುಗಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಹಾಳಾದರೆ ಸಾಮಾನ್ಯ ಪಾಲಿಸಿ ಅದಕ್ಕೆ ಹಣ ಕೊಡುವುದಿಲ್ಲ. ತೋಡಿನ ನಡುವೆ ಎಂಜಿನ್ ನಿಂತುಹೋದರೆ ಕೀ ಮುಟ್ಟಬೇಡಿ, ಟ್ರ್ಯಾಕ್ಟರ್ ಕರೆಸಿ ಎಳೆಸಿ.

ಗಾಡಿ ನೋಡಲು ಹೋಗುವ ದಿನ ಬೆಳಿಗ್ಗೆ ಬೇಗ ಹೊರಡಿ, ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ "ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ, ತೊಳೆಯಲೂ ಬೇಡಿ" ಎಂದು ಕೇಳಿಕೊಳ್ಳಿ. ತಣ್ಣಗಿರುವ ಎಂಜಿನ್ ಮೊದಲ ಸಲಕ್ಕೆ ಎಷ್ಟು ಹೊತ್ತು ತಿರುಗಿ ಹಿಡಿಯುತ್ತದೆ, ಹೊಗೆಯ ಬಣ್ಣ ಯಾವುದು ನೋಡಿ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ, ಮೇಲೆ ಹಾಗೇ ಇಡಿ. ಸ್ವಲ್ಪ ನಡುಗಿದರೆ ಸರಿ, ಹಾರಿ ಬಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಕೊನೆಗೆ ಒಂದು ಸ್ಪ್ಯಾನರ್ ಕೇಳಿ ಹಿಂದಿನ ಹೌಸಿಂಗ್‌ನ ಆಯಿಲ್ ಬೋಲ್ಟನ್ನು ಎರಡು ಸುತ್ತು ಸಡಿಲಿಸಿ ನಾಲ್ಕು ಹನಿ ಅಂಗೈಗೆ ಬಿಟ್ಟುಕೊಳ್ಳಿ. ಅದಕ್ಕೆ ಒಪ್ಪದ ಮಾಲೀಕರಾದರೆ ಹಾಗೇ ಎದ್ದು ಬನ್ನಿ. ಒಪ್ಪಿ, ಹನಿ ಜೇನಿನ ಹಾಗೆ ಎಳೆದು ಬಿದ್ದು, ಚಾಸಿಸ್ ಟಣ್ ಎಂದರೆ, ನಾಲ್ಕು ಮುಕ್ಕಾಲು ಲಕ್ಷದ ತನಕ ಹೋಗಿ.